ಒಂದೇ ಪೆಟ್ಟಿಗೆಯ ಎರಡು ವೂಫರ್

ಗುರುವಿನ ಅಂಗಡಿಗೆ ಗಾಡಿ ತಂದವರು ಮೊದಲು ಬೈಯುತ್ತಿದ್ದರು, ಆಮೇಲೆ ಹೊಗಳುತ್ತಿದ್ದರು. ನಂಜನಗೂಡಿನಿಂದ ಟಿ. ನರಸೀಪುರದ ಕಡೆಗೆ ಹೊರಳುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಅವನದೊಂದು ತಗಡಿನ ಶೆಡ್ಡು. ಕಾರು, ಜೀಪು, ಟೆಂಪೊಗಳಿಗೆ ಸ್ಟೀರಿಯೋ ಕೂಡಿಸುವುದು ಅವನ ಕಸುಬು. ಬೇರೆಯವರು ಊಟದ ಹೊತ್ತಿಗೆ ಮುಗಿಸುವ ಕೆಲಸಕ್ಕೆ ಅವನು ಸಂಜೆ ಮಾಡುತ್ತಿದ್ದ. ಒಂದು ವೈರು ಕೂಡಿಸಿದರೆ ಎಳೆದು ನೋಡುವನು. ಟೇಪು ಸುತ್ತಿ ಮತ್ತೊಮ್ಮೆ ಎಳೆದು ನೋಡುವನು. ಮನೆಗೆ ಹೊರಟವನು ಅರ್ಧ ದಾರಿಯಿಂದ ಹಿಂದಿರುಗಿ, ಬಾನೆಟ್ ಎತ್ತಿಸಿ, ಬ್ಯಾಟರಿಯ ಪಕ್ಕದ ಫ್ಯೂಸು ನೆಟ್ಟಗೆ ಕೂತಿದೆಯೇ ಎಂದು ಮುಟ್ಟಿ ನೋಡಿದ್ದೂ ಉಂಟು. ಹೆಂಡತಿ ಬಿಂದುಶ್ರೀ, "ನಿಮ್ ಕೈಯ ನೀವೇ ನಂಬಲ್ಲ, ಇನ್ನ ನನ್ನ ಅಡುಗೆಯ ಏನ್ ನಂಬ್ತೀರಿ" ಎಂದು ನಗುತ್ತಿದ್ದಳು. ಗಿರಾಕಿಗಳು ಅವನಿಗೆ 'ಅನುಮಾನದ ಗುರು' ಎಂದೇ ಹೆಸರಿಟ್ಟಿದ್ದರು. ಆದರೆ ಅವನು ಮಾಡಿದ ಕೆಲಸ ದಾರಿಯಲ್ಲಿ ಕೈಕೊಟ್ಟಿತು ಎಂದು ಹೇಳಿದವರು ಮಾತ್ರ ಯಾರೂ ಇರಲಿಲ್ಲ.

ಎರಡು ಸಾವಿರದ ಮೂರನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಅವನ ಊರಿನವನೇ ಆದ ಮಲ್ಲಿಕಾರ್ಜುನ ಹೊಸ ಕ್ವಾಲಿಸ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ.

"ಏನ್ಲಾ ಗುರು, ಕೈ ಖಾಲಿನಾ? ಇಲ್ಲಾ ಅದನ್ನೂ ಎರಡು ಸಲ ನೋಡ್ಕಂಡು ಹೇಳ್ತೀಯಾ?"

"ನಿನಗಾದ್ರೆ ಮೂರು ಸಲ ನೋಡ್ಬೇಕಾಯ್ತದೆ. ಏನಾಗಬೇಕು?"

ಇಬ್ಬರೂ ಆಲದಕೆರೆಯವರು. ಆಲದಕೆರೆ ಇದೇ ರಸ್ತೆಯಲ್ಲಿ, ಕಪಿಲೆಯ ನಾಲೆ ದಾಟಿದರೆ ಸಿಗುವ ಊರು. ಮಲ್ಲಿಕಾರ್ಜುನ ಊರಿನ ನಡುಬೀದಿಯ ಸಿದ್ದಮಲ್ಲಪ್ಪನವರ ಮಗ. ಅವರಿಗೆ ಗದ್ದೆ, ಅಕ್ಕಿಯ ವ್ಯಾಪಾರ, ಮಠದಲ್ಲಿ ಮಾತು ಎಲ್ಲವೂ ಉಂಟು. ಗುರು ಕೇರಿಯ ಚಿಕ್ಕಮಾದುವಿನ ಮಗ. ನಂಜನಗೂಡಿನ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ಅಂದಿನಿಂದ ಒಂದು ಲೆಕ್ಕ ಬೆಳೆದುಬಂದಿತ್ತು. ಪೇಟೆಯಲ್ಲಿ ಅವನು ಮಲ್ಲಿ. ನಾಲೆ ದಾಟಿ ಊರೊಳಕ್ಕೆ ಕಾಲಿಟ್ಟರೆ ಮಲ್ಲಣ್ಣನವರು. ಈ ಲೆಕ್ಕವನ್ನು ಇಬ್ಬರೂ ಎಂದೂ ಬಾಯಿಬಿಟ್ಟು ಆಡಿದವರಲ್ಲ, ತಪ್ಪಿದವರೂ ಅಲ್ಲ.

"ಕಂಪನಿ ಸ್ಟೀರಿಯೋ ಮುಟ್ಟಂಗಿಲ್ಲ, ಅದು ಅಲ್ಲೇ ಇರ್ಲಿ," ಎಂದ ಮಲ್ಲಿಕಾರ್ಜುನ. "ಆದ್ರೆ ಸದ್ದು ಎದೆಗೆ ಬಂದು ಗುದ್ದಬೇಕು. ಹಿಂದಿನ ಬಾಗಿಲು ಎತ್ತಿದ್ರೆ ಬೀದಿಗೆಲ್ಲ ಕೇಳಬೇಕು."

"ಮದುವೆ ಬಾಡಿಗೆಗಾ?"

"ಅಂಗೇ ಅನ್ಕೋ. ಬೇಗ ಆಗಬೇಕು, ಅಷ್ಟೆ."

ಗುರು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೆಲಸ ಅವನಿಗೆ ಇಷ್ಟವಾಗಿತ್ತು. ಕಂಪನಿಯಿಂದ ಬಂದ ಸೆಟ್ಟನ್ನು ಹಾಗೆಯೇ ಇಟ್ಟು ಅದಕ್ಕೆ ಆಂಪ್ಲಿಫೈಯರ್ ಜೋಡಿಸುವುದೆಂದರೆ ಕಟ್ಟಿದ ಮನೆಗೆ ಗೋಡೆ ಒಡೆಯದೆ ಇನ್ನೊಂದು ಬಾಗಿಲು ಇಟ್ಟಂತೆ. ಆಂಪಿಗೆ ಹೋಗುವ ವೈರು ಅಂಥ ಸೆಟ್ಟಿನಲ್ಲಿ ಇರುವುದಿಲ್ಲ. ಹಿಂದಿನ ಸ್ಪೀಕರಿನ ವೈರಿನಿಂದಲೇ ಕವಲು ತೆಗೆಯಬೇಕು, ಅದರ ಜೋರನ್ನು ಒಂದು ಪುಟ್ಟ ಡಬ್ಬಿಯಲ್ಲಿ ಇಳಿಸಬೇಕು, ಇಳಿಸಿದ್ದನ್ನು ಆಂಪಿಗೆ ಕೊಡಬೇಕು. ಆಂಪು ಅದನ್ನು ಹಿಗ್ಗಿಸಿ ಸಬ್‌ವೂಫರುಗಳಿಗೆ ಕೊಡುತ್ತದೆ. ಆ ದೊಡ್ಡ ಸ್ಪೀಕರುಗಳ ಕೆಲಸ ಒಂದೇ, ತಳದ ದಪ್ಪ ಸದ್ದು. ಗುರು ಇಂಜಿನ್ನಿಗೂ ಒಳಗಿನ ಸೀಟಿಗೂ ನಡುವಿನ ತಗಡಿನಲ್ಲಿ ತೂತು ಕೊರೆದ, ವೈರಿನ ಮೈ ಸವೆಯದಿರಲೆಂದು ತೂತಿಗೆ ರಬ್ಬರಿನ ಬಳೆ ತೊಡಿಸಿದ. ಬಣ್ಣ ಕೆರೆದು, ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಅರ್ಥ್ ವೈರು ಬಿಗಿದ. ಬ್ಯಾಟರಿಯಿಂದ ಗೇಣು ದೂರದಲ್ಲಿ ಫ್ಯೂಸು ಇಟ್ಟ. ಪ್ಲೈವುಡ್ಡಿನ ಒಂದೇ ಪೆಟ್ಟಿಗೆ ಮಾಡಿ, ಎರಡು ವೂಫರುಗಳನ್ನು ಅದರಲ್ಲಿ ಅಕ್ಕಪಕ್ಕ ಕೂರಿಸಿದ.

ಮರುದಿನ ಮಧ್ಯಾಹ್ನ ಮಲ್ಲಿಕಾರ್ಜುನ ಬಂದ. ಜೇಬಿನಿಂದ ಒಂದು ಹಳೆಯ ಕ್ಯಾಸೆಟ್ ತೆಗೆದು ಕೊಟ್ಟ. ಮೇಲಿನ ಚೀಟಿ ಕಿತ್ತುಹೋಗಿತ್ತು.

"ಇದನ್ನೇ ಹಾಕಿ ನೋಡು. ಇದಕ್ಕೇ ಅಲ್ವಾ ಇಷ್ಟೆಲ್ಲ."

ಗುರು ಕ್ಯಾಸೆಟ್ ತಳ್ಳಿದ. ಮೊದಲು ಸುರ್ರೆನ್ನುವ ಗಾಳಿ, ಯಾರೋ ಕೆಮ್ಮಿದ್ದು, ದೂರದಲ್ಲೊಂದು ಹಸು ಕೂಗಿದ್ದು. ಆಮೇಲೆ ತಮಟೆ ಬಿತ್ತು.

ಒಂದು ಪೆಟ್ಟು, ಬಿಡುವು, ಮತ್ತೆ ಎರಡು ಪೆಟ್ಟು. ಕಡ್ಡಿ ಚರ್ಮದ ಅಂಚಿಗೆ ತಾಗಿ ಸಿಡಿಯುವುದು ಕಂಪನಿಯ ಸ್ಪೀಕರಿನಿಂದ ಬಂತು. ಚರ್ಮದ ನಡುವಿನ ಗುಮ್ಮೆನ್ನುವ ಏಟು ಹಿಂದಿನ ಪೆಟ್ಟಿಗೆಯಿಂದ ಎದ್ದು ಶೆಡ್ಡಿನ ತಗಡನ್ನೆಲ್ಲ ನಡುಗಿಸಿತು. ಗೊಬ್ಬರದ ಅಂಗಡಿಯವನು ಹೊರಗೆ ಬಂದು ನೋಡಿದ. ಗುರುವಿನ ಕೈ ಸ್ಕ್ರೂಡ್ರೈವರಿನ ಮೇಲೆ ಹಾಗೆಯೇ ನಿಂತಿತು. ಮದುವೆಗೆ ಒಂದು ವರಸೆ, ಹಬ್ಬಕ್ಕೊಂದು, ಸಾವಿಗೆ ಬೇರೆಯದೇ ಒಂದು. ಇದು ಸಾವಿನದು. ಬಿಡುವಿನಲ್ಲಿ ಎಡಗೈಯ ತೆಳುವಾದ ಕಡ್ಡಿಯನ್ನು ಹೀಗೆ ತಡೆದು ತಡೆದು ಜಾರಿಸುವ ಕೈ ಸುತ್ತಲ ಏಳೂರಿನಲ್ಲಿ ಒಂದೇ ಇತ್ತು.

"ಅಯ್ಯಯ್ಯೋ," ಎಂದು ಮಲ್ಲಿಕಾರ್ಜುನ ಮಗುವಿನಂತೆ ಬಾಗಿಲು ತಟ್ಟಿ ನಕ್ಕ. "ನಿಮ್ಮಪ್ಪನೇ ಡಿಕ್ಕೀಲಿ ಬಂದು ಕೂತಂಗದೆ ಕಣ್ಲಾ!"

ಗುರು ಸೆಟ್ಟು ಆರಿಸಿದ. "ಎಲ್ಲಿ ಸಿಕ್ತು ಇದು?"

"ನಮ್ಮ ಚಿಕ್ಕಪ್ಪ ಟೇಪ್ ರೆಕಾರ್ಡರ್ ತಂದಿದ್ದ ಹೊಸದ್ರಲ್ಲಿ, ನಮ್ಮಜ್ಜಿ ಸತ್ತಾಗ ಹಿಡಿದದ್ದು. ನಮ್ಮಪ್ಪಾಜಿ ಹಾಸಿಗೆ ಹಿಡಿದವ್ರೆ, ಗೊತ್ತಲ್ಲ ನಿನಗೆ. ಇವತ್ತೋ ನಾಳೆಯೋ ಅನ್ನೋ ಹಂಗೆ. ಅವರದ್ದು ಒಂದೇ ಹಟ, ಚಿಕ್ಕಮಾದು ತಮಟೆ ಮುಂದಿಲ್ದೆ ನನ್ನ ಎತ್ತಬ್ಯಾಡಿ ಅಂತ. ಏನ್ ಮಾಡಾನ, ಹೇಳು. ನೀವು ಬರಲ್ಲ ಅಂದ್ರಿ. ಬೇರೆ ಊರವರು ನಿಮ್ಮ ಊರಿನ ಹೆಣಕ್ಕೆ ನಾವು ಬಡಿಯಂಗಿಲ್ಲ ಅಂತಾರೆ."

ಅದು ನಿಜ. ಒಂದು ಊರಿನ ಸಾವಿಗೆ ಆ ಊರಿನ ಕೇರಿಯವರೇ ಬಡಿಯಬೇಕು. ಇನ್ನೊಬ್ಬರು ಅದರೊಳಕ್ಕೆ ಕೈ ಇಡುವಂತಿಲ್ಲ. ಹಿಂದೆ, ತೊಂಬತ್ತರ ಆಸುಪಾಸಿನಲ್ಲಿ, ಆಲದಕೆರೆಯ ಕೇರಿ ಒಟ್ಟಾಗಿ ಕೂತು ಒಂದು ಮಾತು ಕಟ್ಟಿತ್ತು: ಇನ್ನು ಊರಿನ ಹೆಣದ ಮುಂದೆ ತಮಟೆ ಇಲ್ಲ. ಆ ಮಾತು ಎತ್ತಿದವನು ಗುರುವೇ. ಹಗಲು ತಾಂಡ್ಯದ ಕಾರ್ಖಾನೆಯಲ್ಲಿ ಕೂಲಿ, ಸಂಜೆ ರೇಡಿಯೋ ರಿಪೇರಿಯ ಕ್ಲಾಸು, ಮೀಸೆ ಇನ್ನೂ ಕಪ್ಪಾಗದ ವಯಸ್ಸು ಅದು. ಅಪ್ಪನ ಕೈಯಿಂದ ತಮಟೆಯನ್ನು ತಾನೇ ಈಸಿಕೊಂಡು ಗೋಡೆಯ ಮೊಳೆಗೆ ನೇತುಹಾಕಿದ್ದ. ಚಿಕ್ಕಮಾದು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಊರು ಸುಮ್ಮನಿರಲಿಲ್ಲ. ಕೇರಿಗೆ ಕೆಲಸ ಕೊಡಬಾರದು, ಅಂಗಡಿಯಲ್ಲಿ ಸಾಮಾನು ಕೊಡಬಾರದು ಎಂದು ಕಟ್ಟು ಹಾಕಿತು. ಆ ಪಂಚಾಯ್ತಿಯಲ್ಲಿ ಮೊದಲು ಕೈ ಎತ್ತಿದವರು ಇದೇ ಸಿದ್ದಮಲ್ಲಪ್ಪನವರು. ಗುರುವಿನ ತಾಯಿ ಮಂಚಮ್ಮ ಉಪ್ಪಿಗಾಗಿ ನಂಜನಗೂಡಿನವರೆಗೆ ನಡೆದು ಹೋಗುತ್ತಿದ್ದಳು. ಮಳೆಗಾಲ ಬಂದು ನಾಟಿಗೆ ಆಳು ಸಿಗದಾದಾಗ ಊರಿನ ಕಟ್ಟು ತಾನಾಗಿ ಸಡಿಲಿತು. ಕೇರಿಯ ಕಟ್ಟು ಮಾತ್ರ ಉಳಿಯಿತು. ಗುರು ಬದುಕಿನಲ್ಲಿ ಅನುಮಾನಪಡದೆ ಮಾಡಿದ ಕೆಲಸ ಅದೊಂದೇ.

"ಮಲ್ಲಿ, ಇದು ಬ್ಯಾಡ," ಎಂದ.

"ಯಾಕ್ಲಾ? ಯಾರನ್ನೂ ಕರೀತಿಲ್ವಲ್ಲ ನಾವು. ನೀವು ಬರಬ್ಯಾಡಿ, ಆರಾಮಾಗಿ ಮನೇಲಿರಿ. ಕ್ಯಾಸೆಟ್ಟಿಗೆ ಯಾವ ಜಾತಿನೋ?"

"ಅದು ನಮ್ಮಪ್ಪನ ಕೈ."

"ಅದಕ್ಕೇ ಅಲ್ವಾ ಬೇಕಾಗಿರೋದು!" ಮಲ್ಲಿಕಾರ್ಜುನನ ದನಿಯಲ್ಲಿ ಕುಹಕವಿರಲಿಲ್ಲ. ಗುರುವಿಗೆ ಅದೇ ಕಷ್ಟವಾಯಿತು. "ನಮ್ಮಪ್ಪಾಜಿಗೂ ಮರ್ಯಾದೆ, ನಿಮ್ಮ ಮಾತಿಗೂ ಮರ್ಯಾದೆ. ನಿನಗೆ ಆಗದಿದ್ರೆ ಹೇಳು, ನರಸೀಪುರದಲ್ಲಿ ಹಾಕಿಸ್ಕತೀನಿ. ಆದ್ರೆ ನಿನ್ನಂಗೆ ಯಾರ್ ಮಾಡ್ತಾರೆ? ಸಂಜೆಗೆ ಪೆಟ್ಟಿಗೆಗೆ ಕಾರ್ಪೆಟ್ ಸುತ್ತಿ ಇಟ್ಟಿರು, ಬತ್ತೀನಿ."

ಅವನು ಹೋದ ಮೇಲೆ ಗುರು ಹಿಂದಿನ ಬಾಗಿಲಲ್ಲಿ ಕೂತ. ತಮಟೆಯನ್ನು ಮೊಳೆಗೆ ಹಾಕಿದ್ದಾಯಿತು, ಕೈಯನ್ನು ಎಲ್ಲಿಗೆ ಹಾಕುವುದು? ಅಪ್ಪ ಮನೆಯಲ್ಲಿ ಕೂತು ಬೀಡಿ ಸೇದುತ್ತಿರುವಾಗಲೇ ಅವನ ಕೈ ಸಿದ್ದಮಲ್ಲಪ್ಪನವರ ಹೆಣದ ಮುಂದೆ ಹೋಗುತ್ತದೆ. ಬರಲಾರೆ ಎನ್ನುವ ಬಾಯಿ ಅದಕ್ಕಿಲ್ಲ. ಊರಿನಲ್ಲಿ ಯಾರೇ ಸತ್ತರೂ ಹೋಗುತ್ತದೆ, ನಾಳೆ ಅಪ್ಪನೇ ಸತ್ತ ಮೇಲೂ ಹೋಗುತ್ತದೆ. ಅದನ್ನು ಕಳಿಸುತ್ತಿರುವವನು ತಾನು.

ಆಗುವುದಿಲ್ಲ ಎಂದುಬಿಡಬಹುದಿತ್ತು. ಆದರೆ ನರಸೀಪುರದವನು ಮಾಡಿಕೊಡುತ್ತಾನೆ, ತಮಟೆ ಹೇಗೂ ಕೇಳುತ್ತದೆ. ಕ್ಯಾಸೆಟ್ಟಿನ ಟೇಪು ಕಿತ್ತುಬಿಡೋಣವೆಂದರೆ ಅದು ಕಣ್ಣಿಗೆ ಕಾಣುವ ದ್ರೋಹ, ಅಷ್ಟು ಧೈರ್ಯ ಅವನಿಗಿರಲಿಲ್ಲ.

ಎರಡು ವೂಫರುಗಳು ಒಂದೇ ಪೆಟ್ಟಿಗೆಯಲ್ಲಿದ್ದಾಗ ಎರಡೂ ಒಟ್ಟಿಗೆ ಮುಂದೆ ಉಬ್ಬಬೇಕು, ಒಟ್ಟಿಗೆ ಹಿಂದೆ ಸರಿಯಬೇಕು. ಒಂದರ ಕೆಂಪು ವೈರು ಕಪ್ಪಿನ ಜಾಗಕ್ಕೆ, ಕಪ್ಪು ಕೆಂಪಿನ ಜಾಗಕ್ಕೆ ಹೋದರೆ, ಒಂದು ಗಾಳಿಯನ್ನು ದೂಡುವಾಗ ಇನ್ನೊಂದು ಎಳೆದುಕೊಳ್ಳುತ್ತದೆ. ನೋಡುವವರ ಕಣ್ಣಿಗೆ ಎರಡೂ ಕುಣಿಯುತ್ತವೆ, ಆದರೆ ದಪ್ಪ ಸದ್ದು ಹುಟ್ಟುವುದೇ ಇಲ್ಲ. ಆಗ ಉಳಿಯುವುದು ಕಂಪನಿಯ ಸ್ಪೀಕರಿನ ಟಕಟಕ ಮಾತ್ರ. ಹಳೆಯ ಕ್ಯಾಸೆಟ್ಟು, ತೆರೆದ ಬೀದಿ, ಅದಕ್ಕೇ ಹೀಗೆ ಎಂದು ತಿಳಿಯುತ್ತಾರೆ. ಆರಿಸಿ ಭಜನೆ ಹಾಡಿಕೊಂಡು ಹೋಗುತ್ತಾರೆ. ಇಷ್ಟು ವರ್ಷ ಊರಿನ ಹೆಣಗಳು ಹೋದದ್ದು ಭಜನೆಯ ಮೇಲೆಯೇ ತಾನೆ.

ಅವನು ಬಲಗಡೆಯ ವೂಫರು ಬಿಚ್ಚಿದ. ವೈರು ಬದಲಿಸಿದ. ಎಳೆದು ನೋಡಿದ, ಮತ್ತೊಮ್ಮೆ ಎಳೆದು ನೋಡಿದ. ತಪ್ಪು ಕೆಲಸಕ್ಕೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಮೇಲೆ ಕಾರ್ಪೆಟ್ ಎಳೆದು ಅಂಟಿಸಿದ.

ಬೆಳಕು ಇಳಿಯುವ ಮೊದಲೇ ಮಲ್ಲಿಕಾರ್ಜುನ ಓಡಿ ಬಂದ. ಊರಿನಿಂದ ಫೋನು ಬಂದಿತ್ತು, ಅಪ್ಪಾಜಿಗೆ ಉಸಿರು ಕಟ್ಟುತ್ತಿದೆ ಎಂದು. ಸದ್ದು ಹಾಕಿ ನೋಡುವ ಹೊತ್ತು ಅವನಿಗಿರಲಿಲ್ಲ. "ನೀನು ನೋಡಿದ್ದೀಯಲ್ಲ, ಅಷ್ಟು ಸಾಕು ಬುಡು," ಎಂದು ಕೀ ಕಸಿದುಕೊಂಡು ಹೊರಟ. ಆ ಮಾತು ಗುರುವಿನ ಊಟ ಕೆಡಿಸಿತು.

ಮರುದಿನ ಬೆಳಿಗ್ಗೆ ಸುದ್ದಿ ಬಂತು, ಸಿದ್ದಮಲ್ಲಪ್ಪನವರು ಶಿವೈಕ್ಯರಾದರೆಂದು. ಮಧ್ಯಾಹ್ನದ ಮೇಲೆ ಎತ್ತುತ್ತಾರಂತೆ. ಗುರು ಅಂಗಡಿ ಬಿಡಲಿಲ್ಲ. ಒಂದು ಟೆಂಪೊದ ಸ್ಪೀಕರು ಬಿಚ್ಚಿ, ಕೂಡಿಸಿ, ಮತ್ತೆ ಬಿಚ್ಚಿದ. ಊಟದ ಹೊತ್ತು ಕಳೆದು ಬಿಸಿಲು ಪಡುವಣಕ್ಕೆ ಹೊರಳಿದಾಗ, ಕೇರಿಯ ಚಿಕ್ಕಸ್ವಾಮಿ ತಾಂಡ್ಯದ ಪಾಳಿಗೆ ಹೊರಟವನು ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದ.

"ಏನಣ್ಣ, ನಿನ್ ಸೌಂಡು ಕೆಟ್ಟೋಯ್ತಂತಲ್ಲ?"

ಗುರುವಿನ ಎದೆ ಹಗುರಾಯಿತು. "ಹೌದಾ? ಆಮೇಲೆ ಭಜನೆ ಮಾಡ್ಕಂಡು ಹೋದ್ರಾ?"

"ಭಜನೆಯಾ? ಯಾವ್ ಕಾಲ್ದಾಗಿದ್ದೀಯ ನೀನು! ಸುರು ಆದ ತಮಟೆ ಗುಣಿ ಮುಟ್ಟೋ ತಂಕ ನಿಲ್ಲಬಾರ್ದಲ್ಲ. ಮೊದ್ಲು ತಗಡು ಬಡ್ದಂಗೆ ಟಕಟಕ ಅಂತಿತ್ತಂತೆ, ಹೆಂಗಸ್ರೆಲ್ಲ ಸೆರಗು ಅಡ್ಡ ಇಟ್ಕಂಡು ನಗ್ತಿದ್ರಂತೆ. ಇವ್ರು ಜೋರು ಮಾಡ್ತೀವಿ ಅಂತ ಇದ್ದಬದ್ದ ತಿರುಪೆಲ್ಲ ತಿರುವವ್ರೆ. ನಡುಬೀದೀಲಿ ಕಾದು ಕಡಾಯಾಗಿ ನಿಂತೋಯ್ತಂತೆ ನಿನ್ ಮಿಸಿನ್ನು. ಎಣ ಹೂವಿನ ವಿಮಾನದಾಗೆ ಕೂತದೆ, ಸದ್ದಿಲ್ಲ. ಗಂಗಾಧರಸ್ವಾಮಿಗಳು ಇದ್ರಲ್ಲ, ಅಯ್ನೋರು, ತಮಟೆ ಅರ್ಧಕ್ಕೆ ನಿಂತ್ರೆ ಮನೇಲಿ ಇನ್ನೊಂದು ಎಣ ಬೀಳ್ತದೆ, ಒಂದೆಜ್ಜೆ ಎತ್ತಬ್ಯಾಡಿ ಅಂದ್ಬುಟ್ರಂತೆ."

ಗುರು ಇದೊಂದನ್ನು ಯೋಚಿಸಿರಲಿಲ್ಲ. ಭಜನೆಯಲ್ಲೇ ಹೊರಟಿದ್ದರೆ ಭಜನೆಯಲ್ಲೇ ಮುಗಿಯುತ್ತಿತ್ತು. ತಮಟೆಯಲ್ಲಿ ಹೊರಟದ್ದು ತಮಟೆಯಲ್ಲೇ ಮುಗಿಯಬೇಕು. ಮೂರು ಸಲ ನೋಡುವವನು ಅದನ್ನು ಒಂದು ಸಲವೂ ನೋಡಿರಲಿಲ್ಲ.

"ಆಮೇಲೆ?"

"ಆಮೇಲೇನು. ಕೇರಿಗೆ ಬಂದವ್ರೆ. ನಿಮ್ಮಪ್ಪ ಮಾದಣ್ಣನ್ನ ಕರದವ್ರೆ," ಎಂದು ಚಿಕ್ಕಸ್ವಾಮಿ ಕಣ್ಣು ತಪ್ಪಿಸಿ ಪೆಡಲ್ ತುಳಿದ.

ಗುರು ಶೆಡ್ಡಿಗೆ ಬೀಗ ಹಾಕಿದನೋ ಇಲ್ಲವೋ, ಅದನ್ನು ಹಿಂದಿರುಗಿ ನೋಡಲಿಲ್ಲ. ನರಸೀಪುರದ ಬಸ್ಸು ಹತ್ತಿದ. ನಾಲೆಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗಲೇ ಕೇಳಿಸಿತು. ಒಂದು ಪೆಟ್ಟು, ಬಿಡುವು, ಮತ್ತೆ ಎರಡು ಪೆಟ್ಟು. ಕ್ಯಾಸೆಟ್ಟಿನಲ್ಲಿ ಇದ್ದದ್ದಕ್ಕಿಂತ ನಿಧಾನ. ಆದರೆ ತಳದ ಸದ್ದು ಗದ್ದೆಯ ನೀರಿನ ಮೇಲೆ ತೇಲಿಬಂದು ಬಸ್ಸಿನ ಕಿಟಕಿಯ ಗಾಜನ್ನು ತಟ್ಟುತ್ತಿತ್ತು.

ನಡುಬೀದಿಯಲ್ಲಿ ಕ್ವಾಲಿಸ್ ಒಂದು ಬದಿಗೆ ನಿಂತಿತ್ತು. ಹಿಂದಿನ ಬಾಗಿಲು ಎತ್ತಿದ್ದು ಎತ್ತಿದಂತೆಯೇ ಇತ್ತು. ಅವನು ಅಂಟಿಸಿದ ಕಾರ್ಪೆಟ್ಟಿನ ಮೇಲೆ ಬೀದಿಯ ಧೂಳು ಕೂತಿತ್ತು. ಸ್ವಲ್ಪ ಮುಂದೆ ಮಂಚಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳ ತೋಳಿನ ಮೇಲೆ ಮಡಿಚಿದ ಷರಟು, ಕೈಯಲ್ಲಿ ಒಂದು ಜೊತೆ ಚಪ್ಪಲಿ. ಎರಡೂ ಗುರು ಹಿಂದಿನ ಯುಗಾದಿಗೆ ಕೊಡಿಸಿದ್ದವು. ಹೆಣದ ಮುಂದೆ ಬಡಿಯುವವನ ಮೈಮೇಲೆ ಅಂಗಿ ಇರುವಂತಿಲ್ಲ, ಕಾಲಲ್ಲಿ ಮೆಟ್ಟು ಇರುವಂತಿಲ್ಲ.

"ಯಾಕವ್ವ ಬುಟ್ಟೆ?"

"ನಾ ಬುಡಾಕೆ ಯಾರಪ್ಪ? ನಿನ್ ಯೆಸ್ರು ಯೇಳುದ್ರು ಕಣ್ಮಗ. ಮಲ್ಲಣ್ಣೋರು ಕೇರಿ ಬಾಗ್ಲಾಗೆ ನಿಂತ್ಕಂಡು ಅತ್ಬುಟ್ರು. ಜೊತೇಲಿ ಬಂದೋರು ಸುಮ್ನಿದ್ರಾ? ನಿನ್ ಮಗನ್ನ ನಂಬಿ ಕೆಟ್ವಿ, ಅವ್ನ್ ಮಾಡಿದ್ದು ನಡುಬೀದೀಲಿ ಕೈ ಕೊಡ್ತು, ಎಣ ಬಿಸ್ಲಾಗೆ ಕೂತದೆ ಅಂದ್ರು. ನಿಮ್ಮಪ್ಪ ಅದುವರ್ಗೂ ಬೀಡಿ ಸೇದ್ಕಂಡು ಕುಂತಿದ್ದೋನು ಎದ್ದ. ಮೊಳೆಯಿಂದ ತಗದ. ಅಟ್ಟೀಲಿ ಉಲ್ಲು ಉರಿ ಆಕಿ ಚರ್ಮ ಕಾಯಿಸ್ದ."

ಗುರು ಮುಂದೆ ಹೋದ. ಹೆಣ ಕೂರಿಸಿದ ವಿಮಾನದ ಮುಂದೆ, ಹೂವು ಎರಚುವವರಿಗಿಂತಲೂ ಮುಂದೆ, ಬರಿಮೈಯಲ್ಲಿ ಚಿಕ್ಕಮಾದು ನಡೆಯುತ್ತಿದ್ದ. ಎದೆಯ ಗೂಡು ಎದ್ದು ಕಾಣುತ್ತಿತ್ತು. ತಮಟೆ ಸೊಂಟದಿಂದ ಜಾರುತ್ತಿತ್ತು, ಮೊಳಕಾಲಿನಿಂದ ಅದನ್ನು ಮೇಲಕ್ಕೆ ತಳ್ಳಿಕೊಂಡು ಬಡಿಯುತ್ತಿದ್ದ. ಅಪ್ಪನ ಮುಖದಲ್ಲಿ ಸಂಕಟ ಕಂಡೀತೆಂದು ಗುರು ಹುಡುಕಿದ. ಕಾಣಲಿಲ್ಲ. ಕಣ್ಣು ಮುಚ್ಚಿತ್ತು. ತುಟಿ ಪೆಟ್ಟಿನ ಜೊತೆ ಏನನ್ನೋ ಎಣಿಸುತ್ತಿತ್ತು. ಇಷ್ಟು ಕಾಲ ಎಲ್ಲೋ ಹೋಗಿದ್ದವನು ಮನೆಗೆ ಬಂದಂತಿತ್ತು ಆ ಮುಖ. ಗುರು ಅಪ್ಪನ ಕೈ ಹಿಡಿಯಲೆಂದು ಬಂದವನು, ಆ ಮುಖ ಕಂಡು ಜನರ ನಡುವೆ ನಿಂತುಬಿಟ್ಟ. ಮಲ್ಲಿಕಾರ್ಜುನ ಅವನನ್ನು ನೋಡಿ ತಲೆಯಾಡಿಸಿಯೇ ಸಮಾಧಾನ ಹೇಳಿದ, 'ಇರ್ಲಿ ಬುಡು, ಯಾರದ್ದೂ ತಪ್ಪಲ್ಲ' ಎನ್ನುವ ಹಾಗೆ.

ಸಿದ್ದಮಲ್ಲಪ್ಪನವರ ತೋಟದಲ್ಲಿ ಗುಣಿ ಮುಚ್ಚಿದ ಮೇಲೆ ತಮಟೆ ನಿಂತಿತು. ಚಿಕ್ಕಮಾದು ದೂರಕ್ಕೆ ಸರಿದು, ಸೊಂಟದ ಟವೆಲನ್ನು ನೆಲದ ಮೇಲೆ ಹಾಸಿ, ಎರಡು ಹೆಜ್ಜೆ ಹಿಂದೆ ನಿಂತ. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬ ಬಂದು ಮೊರದ ಭತ್ತವನ್ನು ಮೇಲಿನಿಂದ ಸುರಿದು ಹೋದ. "ಒಳ್ಳೇದಾಗ್ಲಿ ಬುದ್ಧೀ," ಎಂದು ಚಿಕ್ಕಮಾದು ಟವೆಲಿನ ನಾಲ್ಕು ಚುಂಗು ಗಂಟು ಹಾಕಿಕೊಂಡ.

ಕೇರಿಗೆ ಹಿಂದಿರುಗುವ ದಾರಿಯಲ್ಲಿ ಚಿಕ್ಕಮಾದುವಿಗೆ ದಮ್ಮು ಹತ್ತಿತ್ತು. ಹೊಂಗೆಮರದ ಕೆಳಗೆ ನಿಂತ.

"ಏನಾಗಿತ್ಲಾ ನಿನ್ ಮಿಸಿನ್ಗೆ?"

"ಕಾದು ನಿಂತೋಯ್ತು ಕಣಪ್ಪ."

ಮುದುಕ ಕೆಮ್ಮುತ್ತಾ ನಕ್ಕ. "ಚರ್ಮ ಕಾದ್ರೆ ಸದ್ದು ಬತ್ತದೆ. ನಿಂದು ಕಾದ್ರೆ ಸದ್ದು ನಿಂತೋಯ್ತದಾ? ಚೆಂದಾಗದೆ ಬುಡು ನಿನ್ ಇದ್ಯೆ."

"ನೀ ಯಾಕಪ್ಪ ಅಲ್ಲೀಗ್ ಓದೆ?" ಗುರುವಿನ ಬಾಯಿಗೆ ಕೇರಿಯ ಮಾತೇ ಬಂದಿತ್ತು. "ಬರಲ್ಲ ಅನ್ನಬೌದಿತ್ತು. ಯಾರೂ ಒಡೀತಿರಲಿಲ್ಲ."

"ಬರಲ್ಲ ಅಂತ್ಲೇ ಅಂದೆ, ಮೊದ್ಲು. ಅವ್ರು ನಿನ್ ಮಾತು ಎತ್ತುದ್ರು. ಇಷ್ಟೊಂದು ಓದ್ಕಂಡು, ನಂಜನಗೂಡಾಗೆ ಅಂಗಡಿ ಮಡೀಕಂಡು, ಕೇರಿ ಉಡುಗನ ಕೆಲ್ಸ ಇಷ್ಟೆಯಾ ಅನ್ನಿಸ್ಕಬೇಕಾ ನೀನು? ಊರು ಉಪಕಾರ ಅರೀದು, ಎಣ ಸಿಂಗಾರ ಅರೀದು. ನಂಗೂ ಗೊತ್ತದೆ. ನಿನ್ ಕೆಲ್ಸ ಅರ್ಧಕ್ಕೆ ನಿಂತಿತ್ತು, ನಾನು ಮುಗಿಸ್ದೆ. ಅಷ್ಟೆಯ."

ಗುರುವಿನ ನಾಲಿಗೆಯ ತುದಿಗೆ ಬಂತು: ಕೆಟ್ಟದ್ದಲ್ಲಪ್ಪ, ನಾನೇ ಕೆಡಿಸಿದ್ದು, ನಿನ್ನ ಕೈ ಅಲ್ಲಿಗೆ ಹೋಗದಿರಲಿ ಎಂದು. ಹೇಳಿದರೆ ಏನಾಗುತ್ತಿತ್ತು? ಮಗನ ಹೆಸರು ಉಳಿಸಿದೆ ಎನ್ನುವ ಒಂದೇ ಒಂದು ಸಮಾಧಾನ ಮುದುಕನದು. ಅದೂ ಹೋಗುತ್ತಿತ್ತು. ಹೇಳದಿದ್ದರೆ ಅದರ ಮೇಲೆಯೇ ಅವನು ಇನ್ನೂ ಏನೇನು ಕಟ್ಟುವನೋ. ಗುರು ಎಳೆದು ನೋಡಿದ, ಮತ್ತೊಮ್ಮೆ ಎಳೆದು ನೋಡಿದ. ಯಾವ ಕಡೆಯಿಂದ ಎಳೆದರೂ ಗಂಟು ಬಿಗಿಯಾಗಿಯೇ ಇತ್ತು. ಭತ್ತದ ಗಂಟನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಮನೆಯವರೆಗೆ ತಾನೇ ಹೊತ್ತ.

ಶಿವಗಣಾರಾಧನೆ ಮುಗಿದ ವಾರ ಮಲ್ಲಿಕಾರ್ಜುನ ಅಂಗಡಿಗೆ ಬಂದ. ತಲೆ ನುಣ್ಣಗಿತ್ತು. ಸ್ಟೂಲಿನ ಮೇಲೆ ಕೂತು ನಗುವುದಕ್ಕೆ ಹೊತ್ತು ಕಾಯುತ್ತಿದ್ದವನಂತೆ ನಕ್ಕ.

"ಏ ಅನುಮಾನದ ಗುರು, ಸಿಕ್ಕಾಕ್ಕಂಡೆ ಕಣ್ಲಾ ಈ ಸಲ! ನರಸೀಪುರಕ್ಕೆ ಹೋಗಿದ್ದೆ, ಹಂಗೇ ತೋರಿಸ್ದೆ. ಒಂದು ವೂಫರಿಗೆ ಕೆಂಪು ಕಪ್ಪು ಅದಲು ಬದಲು ಆಗದಂತೆ. ನಾನು ಅವನಿಗೇ ಬೈದೆ, ನಮ್ಮ ಗುರು ಅಂಥ ತಪ್ಪು ಮಾಡೋನಲ್ಲ, ನೀನೇ ಸರಿಯಾಗಿ ನೋಡು ಅಂತ. ತೆಗೆದು ಹಾಕ್ದ ನೋಡು, ಎದೆ ಒಡೆದೋಗಬೇಕು, ಅಂಥಾ ಸದ್ದು."

ಗುರು ಬೆಸುಗೆಯ ಕಡ್ಡಿಯ ಪ್ಲಗ್ ಕಿತ್ತ. "ತಪ್ಪಾಗಿತ್ತು," ಎಂದ.

"ಆಗ್ತದೆ ಬುಡ್ಲಾ. ನಾನೂ ಅವಸರ ಮಾಡ್ದೆ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ನಮ್ಮಪ್ಪಾಜಿ ಕೇಳಿದ್ದು ಕ್ಯಾಸೆಟ್ಟಾ? ಚಿಕ್ಕಮಾದು ಬೇಕು ಅಂದ್ರು, ಚಿಕ್ಕಮಾದುನೇ ಬಂದ." ಜೇಬಿನಿಂದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟ. "ಇದನ್ನ ನೀನೇ ಇಟ್ಕೋ. ಇನ್ನು ನಮಗ್ಯಾಕೆ?"

ಇನ್ನು ಯಾಕೆ ಬೇಡವೆಂಬುದು ಚೈತ್ರ ಕಳೆಯುವುದರೊಳಗೆ ತಿಳಿಯಿತು. ಕೆಳಬೀದಿಯ ಸಿದ್ದಲಿಂಗಮ್ಮ ಎಂಬ ಮುದುಕಿ ತೀರಿಕೊಂಡಳು. ಕೇರಿಗೆ ಹೇಳಿಕಳಿಸಿದರು. ಈ ಸಲ ಯಾರೂ ಅಳಲಿಲ್ಲ, ಕೈ ಮುಗಿಯಲಿಲ್ಲ. ಹಿಂದಿನ ಕಾಲದಂತೆ ಒಬ್ಬ ಆಳು ಬಂದು ದೂರದಿಂದ ಕೂಗಿ ಹೋದ. ಚಿಕ್ಕಮಾದುವಿನ ಜೊತೆ ಇನ್ನೂ ಮೂವರು ಹೊರಟರು, ಅಟ್ಟದ ಮೇಲಿದ್ದ ತಮಟೆಗಳನ್ನು ಇಳಿಸಿಕೊಂಡು. ಸುದ್ದಿ ತಿಳಿದು ಗುರು ಓಡಿಬಂದು ಕೇರಿಯ ಬಾಯಲ್ಲಿ ಅಡ್ಡ ನಿಂತ. ಎಲ್ಲರೂ ಸೇರಿ ಕಟ್ಟಿದ ಮಾತು ಏನಾಯಿತು ಎಂದು ಕೇಳಿದ. ಆ ದಿನ ಪಾಳಿ ಇಲ್ಲದೆ ಊರಲ್ಲಿದ್ದ ಚಿಕ್ಕಸ್ವಾಮಿಯೇ ಉತ್ತರ ಕೊಟ್ಟ.

"ಅಣ್ಣ, ಮಾದಣ್ಣ ಸಿದ್ದಮಲ್ಲಪ್ನೋರ ಮುಂದೆ ಬಡೀವಾಗ ನೀನು ಅಲ್ಲೇ ಇದ್ದೆಯಂತಲ್ಲ. ಜನದ ನಡುವೆ ನಿಂತ್ಕಂಡು ನೋಡ್ತಿದ್ದೆಯಂತೆ. ಆವತ್ತು ಬಾಯಿರ್ನಿಲ್ವಾ? ದೊಡ್ಮನೆ ಎಣಕ್ಕೆ ಓಗಬೌದು, ಬಡವರ ಮನೆ ಮುದುಕಿಗೆ ಓಗಬಾರ್ದಾ? ನೀನು ಪ್ಯಾಟೇಲಿ ಇರೋನು. ನಾಳೆ ಕೂಲಿ ಕರೀದಿದ್ರೆ ನಮಗೆ ನಿನ್ ವೈರು ತಿನ್ನಕ್ಕಾಯ್ತದಾ?"

ಗುರು ಪಕ್ಕಕ್ಕೆ ಸರಿಯಲಿಲ್ಲ. ನಾಲ್ವರು ಅವನನ್ನು ಬಳಸಿಕೊಂಡು ಹೋದರು. ಕೊನೆಯಲ್ಲಿ ಹೋದ ಚಿಕ್ಕಮಾದು ಮಗನ ಭುಜ ತಟ್ಟಿ, "ಒಳೀಕ್ ಓಗು, ನಿಮ್ಮವ್ವ ಇಟ್ಟು ಉಂಡೆ ಮಾಡವ್ಳೆ, ಉಣ್ಣು," ಎಂದ. ಆಗಲೇ ಅಂಗಿ ಬಿಚ್ಚಿದ್ದ.

ಮನೆಯೊಳಗೆ ಒಲೆಯ ಮುಂದೆ ಚರ್ಮ ಕಾಯಿಸಿದ ಹುಲ್ಲಿನ ಬೂದಿ ಬಿಸಿಯಾಗಿಯೇ ಇತ್ತು. ಗುರು ಗೋಡೆಯ ಕಡೆ ನೋಡಿದ. ಸುಣ್ಣದ ಮೇಲೆ ತಮಟೆಯಷ್ಟೇ ಅಗಲದ ಒಂದು ಬಿಳಿಯ ದುಂಡು ಗುರುತು ಉಳಿದಿತ್ತು. ಸುತ್ತಲೆಲ್ಲ ಹೊಗೆ ಹಿಡಿದಿತ್ತು. ಅದರ ನೆತ್ತಿಯ ಮೊಳೆಗೆ ಮಂಚಮ್ಮ ನ್ಯಾಯಬೆಲೆ ಅಂಗಡಿಯ ಅಕ್ಕಿಯ ಚೀಲ ನೇತುಹಾಕಿದ್ದಳು.

"ಅವ್ವ, ಇದನ್ನ ಇಲ್ಯಾಕೆ ಆಕಿದ್ದೀ?"

"ಇಲಿ ಕಾಟ ಕಣ್ಮಗ," ಎಂದಳು ಮಂಚಮ್ಮ, ಮುದ್ದೆಯನ್ನು ತಟ್ಟೆಗೆ ಇಳಿಸುತ್ತಾ. "ನಿಮ್ಮಪ್ಪ ತಮಟೇನ ಇನ್ ಮೇಲಿಕ್ಕೆ ಆಕಲ್ಲ ಅಂದ. ದಿನಾ ಬೇಕಾಯ್ತದೆ, ಕೈಗೆ ಸಿಗಂಗೆ ಬಾಗ್ಲ ಪಕ್ಕಾನೇ ಇರ್ಲಿ ಅಂದ. ಸುಮ್ನೆ ಮೊಳೆ ಯಾಕೆ ಖಾಲಿ ಬುಡಾದು?"

ಊರ ಕಡೆಯಿಂದ ಮೊದಲ ಪೆಟ್ಟು ಕೇಳಿಸಿತು. ಆಮೇಲೆ ನಾಲ್ಕು ತಮಟೆಗಳೂ ಒಟ್ಟಿಗೆ ಎದ್ದವು.